‘ಅಕ್ಕ ಬಂದ್ರು’: ಮಲೆನಾಡಿನ ಒಂಟಿಮನೆ, ಒಂದು ಲೂಡೋ ಆಟ, ಒಂದೂಮುಕ್ಕಾಲು ಲಕ್ಷ ರೂಪಾಯಿ

ಆನ್‌ಲೈನ್ ಆಟದಲ್ಲಿ ದುಡ್ಡು ಹೋಯಿತು ಎಂದ ಕೂಡಲೇ ನಮಗೆ ನೆನಪಾಗುವುದು ರಮ್ಮಿ, ಕ್ರಿಕೆಟ್ ಬೆಟ್ಟಿಂಗ್, ಇಲ್ಲವೇ ಕಾಲೇಜು ಹುಡುಗರು. ಈ ಪ್ರಕರಣದಲ್ಲಿ ಅದ್ಯಾವುದೂ ಇಲ್ಲ. ಆಡಿದವರು 47 ವರ್ಷದ ಗೃಹಿಣಿ. ಆಡಿದ್ದು ಲೂಡೋ. ಗೆದ್ದರೂ ಒಂದು ರೂಪಾಯಿ ಕೈಗೆ ಬರದ ಆಟ. ಆದರೂ 14 ತಿಂಗಳಲ್ಲಿ 1,74,000 ರೂಪಾಯಿ ಖರ್ಚಾಯಿತು. ಯಾರೂ ಖಾತೆ ಹ್ಯಾಕ್ ಮಾಡಿರಲಿಲ್ಲ. ಯಾರೂ ಒಟಿಪಿ ಕದ್ದಿರಲಿಲ್ಲ. ಪಿನ್ ಒತ್ತಿದ್ದು ಅವರೇ.

ನಾನು ಶಿವಮೊಗ್ಗದಲ್ಲಿ ಆಪ್ತ ಸಮಾಲೋಚಕಿಯಾಗಿ ಕೆಲಸ ಮಾಡುತ್ತೇನೆ. ಈ ಕುಟುಂಬ ನನ್ನ ಬಳಿ ಬಂದದ್ದು 2025ರ ಅಕ್ಟೋಬರಿನಲ್ಲಿ. ಗುರುತು ಸಿಗಬಾರದೆಂದು ಊರು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಹಣದ ಲೆಕ್ಕ ಮತ್ತು ಒಂದಾದ ಮೇಲೊಂದು ನಡೆದದ್ದು ಇದ್ದ ಹಾಗೇ ಇದೆ. ಇದನ್ನು ಅವರಿಗೆ ಪೂರ್ತಿ ಓದಿ ಹೇಳಿ, ಒಪ್ಪಿಗೆ ಪಡೆದಿದ್ದೇನೆ. ಇಲ್ಲಿ ಅವರನ್ನು ವಸುಧಾ ಎಂದು ಕರೆಯೋಣ.

ಹಿನ್ನೆಲೆ

ತೀರ್ಥಹಳ್ಳಿ, ಹೊಸನಗರದ ಕಡೆಯ ಒಂದು ಒಂಟಿಮನೆ. ಮೂರು ಎಕರೆ ಅಡಿಕೆ ತೋಟ, ಎರಡು ಹಸು. ಪಕ್ಕದ ಮನೆಗೆ ಹೋಗಬೇಕೆಂದರೆ ತೋಟ ಇಳಿದು, ಹಳ್ಳದ ಮೇಲಿನ ಸಂಕ (ಕಾಲುಸೇತುವೆ) ದಾಟಿ, ಆ ಕಡೆಯ ಗುಡ್ಡ ಹತ್ತಬೇಕು. ಬಯಲುಸೀಮೆಯವರಿಗೆ ಇದು ಸುಲಭಕ್ಕೆ ಅರ್ಥವಾಗುವುದಿಲ್ಲ. ಅಲ್ಲಿ ಸಂಜೆ ಜಗುಲಿ ಮೇಲೆ ಕೂತರೆ ದಾರಿಯಲ್ಲಿ ಹೋಗುವವರು ನಾಲ್ಕು ಮಾತಾಡಿಸಿ ಹೋಗುತ್ತಾರೆ. ಇಲ್ಲಿ ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ವಾರಗಟ್ಟಲೆ ಮನೆಯವರನ್ನು ಬಿಟ್ಟು ಬೇರೆ ಮುಖ ಕಾಣಿಸುವುದಿಲ್ಲ.

ಮೊದಲು ವರ್ಷಕ್ಕೆ ಒಂದೆರಡು ತಿಂಗಳಾದರೂ ಈ ಮನೆಗಳು ತುಂಬಿರುತ್ತಿದ್ದವು. ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲು ಶುರುವಾದರೆ ರಾತ್ರಿ ಹತ್ತು ಹನ್ನೊಂದರವರೆಗೆ ಅಂಗಳದಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುವವರು ಸಾಲಾಗಿ ಕೂರುತ್ತಿದ್ದರು. ಊರಿನ ಸುದ್ದಿಯೆಲ್ಲ ಅಲ್ಲೇ. ಈಗ ಸುಲಿಯುವ ಯಂತ್ರ ಬಂದಿದೆ. ಎರಡು ದಿನದಲ್ಲಿ ಕೆಲಸ ಮುಗಿಯುತ್ತದೆ. ಕೆಲವರು ತೋಟವನ್ನೇ ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಟ್ಟುಬಿಡುತ್ತಾರೆ. ಕೂಲಿಗೆ ಜನ ಸಿಗದ ಕಾಲದಲ್ಲಿ ಯಂತ್ರ ಬೇಡ ಎನ್ನಲು ಯಾರಿಗೂ ಆಗುವುದಿಲ್ಲ. ಆದರೆ ಅದರ ಜೊತೆ ಹೋದದ್ದು ಏನು ಎಂದು ಲೆಕ್ಕ ಇಟ್ಟವರು ಕಡಿಮೆ.

ಮನೆಗೆ ಇಂಟರ್ನೆಟ್ ಬಂದದ್ದು 2020ರಲ್ಲಿ. ಲಾಕ್‌ಡೌನ್‌ಗೆ ಬೆಂಗಳೂರಿನಿಂದ ಬಂದ ಮಗಳಿಗೆ ಮನೆಯಿಂದಲೇ ಕೆಲಸ ಮಾಡಬೇಕಿತ್ತು. ಗುಡ್ಡದ ಮೇಲೆ ಹೋದರೆ ಮಾತ್ರ ಸಿಗ್ನಲ್. ಹಾಗಾಗಿ ಕೇಬಲ್‌ನವರಿಂದ ಸಂಪರ್ಕ ಎಳೆಸಿದರು. ಕರೆಂಟ್ ಹೋದರೂ ವೈಫೈ ಹೋಗದಿರಲಿ ಎಂದು ಇನ್ವರ್ಟರ್ ಹಾಕಿಸಿದರು. ಎರಡು ವರ್ಷ ಕಳೆದ ಮೇಲೆ ಮಗಳು ವಾಪಸ್ ಹೋದಳು, ಮಗನೂ ಓದು ಮುಗಿಸಿ ಪುಣೆಗೆ ಹೋದ. ವೈಫೈ ಉಳಿಯಿತು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇದೇ ಕಥೆ ಅಲ್ವಾ?

ಗಂಡ ಒಳ್ಳೆಯವರು. ಕುಡಿತವಿಲ್ಲ, ಜಗಳವಿಲ್ಲ. ಮಾತೂ ಇಲ್ಲ. ಸಂಜೆ ಅಡಿಕೆ ಧಾರಣೆ ನೋಡುತ್ತಾರೆ, ರಾಶಿ, ಬೆಟ್ಟೆ ಎಂಬ ಅಡಿಕೆ ಬಗೆಗಳಿಗೆ ಎಷ್ಟಾಯಿತು ಅಂತ. ಆಮೇಲೆ ಟಿವಿ, ಊಟ. ಒಂಬತ್ತಕ್ಕೆ ನಿದ್ದೆ.

ಶುರುವಾದದ್ದು ಹೇಗೆ

2024ರ ಜೂನ್‌ನಲ್ಲಿ ಮಗಳೇ ಆಟ ಹಾಕಿಕೊಟ್ಟಳು. ರಾತ್ರಿ ಊಟವಾದ ಮೇಲೆ ಅಮ್ಮನ ಜೊತೆ ಲೂಡೋ ಆಡುತ್ತಾ ಮಾತಾಡಬಹುದು ಅಂತ. ಪ್ರೀತಿಯಿಂದಲೇ ಮಾಡಿದ್ದು. ಒಂದು ತಿಂಗಳು ಇಬ್ಬರೂ ಆಡಿದರು. ಆಮೇಲೆ ಮಗಳಿಗೆ ಹೊಸ ಪ್ರಾಜೆಕ್ಟ್, ರಾತ್ರಿ ಮೀಟಿಂಗ್. ಮಗಳು ಇಲ್ಲದ ರಾತ್ರಿಗಳಲ್ಲಿ ಆ್ಯಪ್ ಬೇರೆಯವರನ್ನು ಜೊತೆಗೆ ಹಾಕಿತು. ಅಲ್ಲಿಂದ ‘ರೂಮ್’ಗೆ ಹೋದರು.

ಈ ರೂಮ್ ಏನು ಎಂದು ಸ್ವಲ್ಪ ಬಿಡಿಸಿ ಹೇಳಬೇಕು. ಪ್ರಕರಣ ಇರುವುದೇ ಅದರಲ್ಲಿ. ಇಂಥ ಆ್ಯಪ್‌ಗಳಲ್ಲಿ ಆಟ ಒಂದು ನೆಪ. ಪಕ್ಕದಲ್ಲೇ ಧ್ವನಿಯಲ್ಲಿ ಮಾತಾಡುವ ಕೋಣೆಗಳಿರುತ್ತವೆ. ವಸುಧಾ ಹೋಗುತ್ತಿದ್ದ ಕೋಣೆಯಲ್ಲಿ ಎಂಟು ಮೈಕ್ ಸೀಟು. ಉಳಿದವರು ಕೇಳುಗರು. ಒಬ್ಬ ಹೋಸ್ಟ್ ಇರುತ್ತಾನೆ. ಒಳಗೆ ಬಂದವರನ್ನು ಹೆಸರು ಹಿಡಿದು ಕರೆಯುವುದು, ಹಾಡಿಸುವುದು, ನಗಿಸುವುದು ಅವನ ಕೆಲಸ. ಕೂತವರಿಗೆ ಗಿಫ್ಟ್ ಕಳಿಸಬಹುದು. ಗುಲಾಬಿ ಕಳಿಸಿದರೆ ಸಣ್ಣದಾಗಿ ಒಂದು ಚಿತ್ರ ಬರುತ್ತದೆ. ಕಾರು, ಅರಮನೆ ಕಳಿಸಿದರೆ ಎಲ್ಲರ ಪರದೆಯ ಮೇಲೂ ಕಳಿಸಿದವರ ಹೆಸರು ಹೊಳೆಯುತ್ತಾ ಹಾದುಹೋಗುತ್ತದೆ. ಗಿಫ್ಟ್ ಕೊಳ್ಳಲು ವಜ್ರ ಬೇಕು. ವಜ್ರಕ್ಕೆ ರೂಪಾಯಿ ಬೇಕು. ಒಮ್ಮೆ ರೂಪಾಯಿ ವಜ್ರವಾಯಿತೆಂದರೆ ಒಂದು ಅರಮನೆಗೆ ನಿಜವಾಗಿ ಎಷ್ಟು ಬಿತ್ತು ಎನ್ನುವುದು ತಲೆಗೆ ಹೋಗುವುದೇ ಇಲ್ಲ. ಅದನ್ನು ಹಾಗೇ ಕಟ್ಟಿರುತ್ತಾರೆ.

ಇನ್ನೂ ಎರಡು ಕೊಂಡಿಗಳಿದ್ದವು. ಒಂದು, ವಿಐಪಿ ಮಟ್ಟ. ಪ್ರತಿ ತಿಂಗಳು ಇಂತಿಷ್ಟು ರೀಚಾರ್ಜ್ ಮಾಡದಿದ್ದರೆ ಮಟ್ಟ ಕೆಳಗಿಳಿಯುತ್ತದೆ. ಹೆಸರಿನ ಪಕ್ಕದ ಕಿರೀಟ ಹೋಗುತ್ತದೆ. ಇನ್ನೊಂದು, ‘ಫ್ಯಾಮಿಲಿ’. ನಲವತ್ತು ಜನ ಸೇರಿ ಒಂದು ಗುಂಪು. ತಿಂಗಳ ಕೊನೆಯ ಮೂರು ದಿನ ಫ್ಯಾಮಿಲಿಗಳ ನಡುವೆ ಸ್ಪರ್ಧೆ. ಯಾವ ಗುಂಪು ಜಾಸ್ತಿ ಗಿಫ್ಟ್ ಕಳಿಸುತ್ತದೋ ಅದು ಮೇಲೆ.

ಮೊದಲ ಮೂರು ತಿಂಗಳಲ್ಲಿ ವಸುಧಾ ಖರ್ಚು ಮಾಡಿದ್ದು ಎರಡು ಸಾವಿರಕ್ಕೂ ಕಡಿಮೆ. ನವೆಂಬರಿನಲ್ಲಿ ಒಂದು ಕನ್ನಡದ ಫ್ಯಾಮಿಲಿ ಸೇರಿದರು. 2025ರ ಜನವರಿಯಲ್ಲಿ ಅದರ ಉಪನಾಯಕಿಯಾದರು. ಯಾರು ಯಾವ ದಿನ ಬರುತ್ತಾರೆ, ಯಾರ ಹುಟ್ಟಿದಹಬ್ಬ ಯಾವಾಗ, ಯಾರು ಯಾಕೆ ಮುನಿಸಿಕೊಂಡಿದ್ದಾರೆ, ಎಲ್ಲ ಇವರ ತಲೆಯಲ್ಲಿತ್ತು. ಹುಡುಗರು, ಹುಡುಗಿಯರು ಕಷ್ಟಸುಖ ಹೇಳಿಕೊಳ್ಳುತ್ತಿದ್ದರು. ಇವರು ಕೋಣೆಗೆ ಕಾಲಿಟ್ಟ ಕೂಡಲೇ ಹೋಸ್ಟ್ ಕೂಗುತ್ತಿದ್ದ, ‘ಅಕ್ಕ ಬಂದ್ರು, ಅಕ್ಕ ಬಂದ್ರು!’

ನನ್ನ ಬಳಿ ಅವರು ಹೇಳಿದ ಮಾತು ಇದು: ‘ಅಲ್ಲಿ ನನ್ನ ಹೆಸರು ಹಿಡಿದು ಕರೀತಾರೆ ಮೇಡಂ. ಇಲ್ಲಿ ಯಾರು ಕರೀತಾರೆ? ಇವರು ಕರೆಯೋದು “ಏ, ಕಾಫಿ ಆಯ್ತಾ” ಅಂತ.’

ಸಾಲ

ಹಣ ಮೂರು ಕಡೆಯಿಂದ ಬಂತು. ಹಾಲಿನ ಡೇರಿಯ ಬಟವಾಡೆ, ಗೃಹಲಕ್ಷ್ಮಿಯ ತಿಂಗಳ 2,000 ಮತ್ತು ಕೂಡಿಟ್ಟದ್ದು ಸೇರಿ 59,000. ಫೆಬ್ರವರಿಯಲ್ಲಿ ಹಸು ಕೊಳ್ಳುತ್ತೇನೆಂದು ಸ್ವಸಹಾಯ ಸಂಘದಲ್ಲಿ ತೆಗೆದ ಸಾಲ 50,000. ಮೇ ತಿಂಗಳಲ್ಲಿ ಎರಡು ಬಳೆ ಅಡವಿಟ್ಟು ತಂದದ್ದು 65,000. ಅಡಿಕೆ ಮಾರಿದ ಹಣ ಗಂಡನ ಖಾತೆಗೆ ಹೋಗುತ್ತಿತ್ತು. ಅದನ್ನು ಮುಟ್ಟಲಿಲ್ಲ. ‘ಅದು ತೋಟದ ದುಡ್ಡು’ ಎಂದರು. ಈ ಗೆರೆಯನ್ನು ಅವರೇ ಎಳೆದುಕೊಂಡಿದ್ದರು. ಎಷ್ಟೇ ಕಷ್ಟವಾದರೂ ದಾಟಲಿಲ್ಲ. ನನಗೆ ಇದು ಮುಖ್ಯವಾಗಿ ಕಂಡಿತು. ಹಿಡಿತ ಪೂರ್ತಿ ತಪ್ಪಿರಲಿಲ್ಲ.

ಆಗಸ್ಟ್‌ನಲ್ಲಿ ಸಂಘದ ಕಂತು ತಪ್ಪಿತು. ಒಂದು ವಾರ, ಎರಡು ವಾರ, ಮೂರು ವಾರ. ಇಂಥ ಸಂಘಗಳಲ್ಲಿ ಒಬ್ಬರು ಕಟ್ಟದಿದ್ದರೆ ಉಳಿದವರು ಕೈಯಿಂದ ಹಾಕಿ ತುಂಬಬೇಕು. ಕೂಲಿಗೆ ಹೋಗುವ ಹೆಂಗಸರು ಇವರ ಕಂತು ಕಟ್ಟಿದರು. ಕೊನೆಗೆ ಅಧ್ಯಕ್ಷೆ ಮತ್ತು ಇನ್ನೊಬ್ಬರು ಮಳೆಯಲ್ಲೇ ಕೊಡೆ ಹಿಡಿದು ಮನೆಗೆ ಬಂದರು. ಹಸು ಎಲ್ಲಿ ಎಂದು ಕೇಳಿದರು. ಕೊಟ್ಟಿಗೆಯಲ್ಲಿ ಇದ್ದದ್ದು ಹಳೆಯ ಎರಡೇ. ಗಂಡನಿಗೆ ವಿಷಯ ಗೊತ್ತಾದದ್ದು ಹಾಗೆ.

ಮೊದಲು ಮಾಡಿದ್ದು

ಅದೇ ಹೊತ್ತಿಗೆ ಟಿವಿಯಲ್ಲಿ ಆನ್‌ಲೈನ್ ಗೇಮಿಂಗ್ ಕಾಯ್ದೆಯ ಸುದ್ದಿ ಬರುತ್ತಿತ್ತು. 2025ರ ಆಗಸ್ಟ್ 21ಕ್ಕೆ ಸಂಸತ್ತು ಒಪ್ಪಿತು, 22ಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಗಂಡ ಅದನ್ನು ನೋಡಿ, ‘ಸರ್ಕಾರವೇ ನಿಷೇಧ ಮಾಡಿದೆ, ದುಡ್ಡು ವಾಪಸ್ ಬರುತ್ತೆ’ ಎಂದುಕೊಂಡರು. ಮಗ 1930ಕ್ಕೆ ಫೋನ್ ಮಾಡಿ ಎಂದ.

ಎರಡೂ ಇಲ್ಲಿಗೆ ಹೊಂದುವುದಿಲ್ಲ. ಆ ಕಾಯ್ದೆ ನಿಷೇಧಿಸಿದ್ದು ಹಣ ಕಟ್ಟಿ ಹಣ ಗೆಲ್ಲುವ ಆಸೆಯಿಂದ ಆಡುವ ಆಟಗಳನ್ನು. ಇ-ಸ್ಪೋರ್ಟ್ಸ್ ಮತ್ತು ಸಾಮಾಜಿಕ ಆಟಗಳನ್ನು ಬೇರೆಯಾಗಿ ನೋಡಿದೆ. ವಸುಧಾ ಏನನ್ನೂ ಗೆಲ್ಲಲು ಹಣ ಕಟ್ಟಿರಲಿಲ್ಲ. 1930 ಇರುವುದು ಸೈಬರ್ ವಂಚನೆಗೆ. ದುಡ್ಡು ಹೊಡೆದವರ ಖಾತೆಯಲ್ಲಿ ಅದನ್ನು ತಡೆಹಿಡಿಯಬೇಕಾದರೆ ಬೇಗ ಕರೆ ಮಾಡಬೇಕು. ಇಲ್ಲಿ ಹೊಡೆದವರೇ ಇಲ್ಲ. ನನ್ನ ಪ್ರಕಾರ ಇಂಥ ಪ್ರಕರಣಗಳು ಜಾಸ್ತಿ ಕಷ್ಟ ಕೊಡುವುದು ಇದೇ ಕಾರಣಕ್ಕೆ. ಬೈಯಲು ಒಬ್ಬ ಕಳ್ಳ ಸಿಗುವುದಿಲ್ಲ. ಬೈಗುಳವೆಲ್ಲ ಮನೆಯವಳ ಮೇಲೇ ಬೀಳುತ್ತದೆ.

ಗಂಡ ಆ್ಯಪ್ ಅಳಿಸಿದರು. ಫೋನ್ ಬೀಗ ಹಾಕಿಟ್ಟು, ಬಟನ್ ಫೋನ್ ಕೊಟ್ಟರು. ನೆಂಟರಿಗೆ ಹೇಳಬೇಡ ಎಂದು ಮಕ್ಕಳಿಗೆ ತಾಕೀತು ಮಾಡಿದರು. ಸಿಟ್ಟಿನಲ್ಲಿ ಯಾರಾದರೂ ಮಾಡುವುದೇ ಇದು.

ಆದದ್ದೇ ಬೇರೆ. ವಸುಧಾ ಅಡುಗೆ ಮಾಡುತ್ತಿದ್ದರು, ಹಾಲು ಕರೆಯುತ್ತಿದ್ದರು. ಆದರೆ ಊಟ ಬಿಟ್ಟರು. ರಾತ್ರಿ ಎರಡಕ್ಕೆ ಎದ್ದು ಜಗುಲಿಯಲ್ಲಿ ಕೂರುತ್ತಿದ್ದರು. ಇತ್ತ ಆ್ಯಪ್ ಅಳಿಸಿದ ಮೇಲೂ ಖಾತೆಯಿಂದ ವಾರಕ್ಕೆ 159 ರೂಪಾಯಿ ಹೋಗುತ್ತಲೇ ಇತ್ತು. ವಿಐಪಿಗೆಂದು ವಾರದ ಚಂದಾ, ತಾನಾಗಿಯೇ ಹಣ ಕಡಿತವಾಗುವ ಯುಪಿಐ ಆಟೋಪೇ. ಆ್ಯಪ್ ಅಳಿಸಿದರೆ ಚಂದಾ ರದ್ದಾಗುವುದಿಲ್ಲ. ಅದನ್ನು ಬೇರೆಯಾಗಿಯೇ ನಿಲ್ಲಿಸಬೇಕು. ರಿಸರ್ವ್ ಬ್ಯಾಂಕ್ ನಿಯಮದಂತೆ ಇಂಥ ಕಡಿತಕ್ಕೆ 24 ಗಂಟೆ ಮೊದಲು ಸಂದೇಶ ಬರಬೇಕು, ಬರುತ್ತಲೂ ಇತ್ತು, ಇಂಗ್ಲಿಷಿನಲ್ಲಿ, ಬೀಗ ಹಾಕಿಟ್ಟ ಫೋನಿಗೆ. 15,000 ರೂಪಾಯಿವರೆಗಿನ ಇಂಥ ಕಂತಿಗೆ ಪ್ರತಿ ಸಲ ಪಿನ್ ಬೇಡ. ಹೀಗೆ ಏಳು ವಾರದಲ್ಲಿ 1,113 ರೂಪಾಯಿ ಹೋಯಿತು. ಮೊತ್ತ ಸಣ್ಣದು. ಆದರೆ ಗಂಡ ಪಾಸ್‌ಬುಕ್ ನೋಡಿ, ಇವಳು ಕದ್ದು ಆಡುತ್ತಿದ್ದಾಳೆ ಎಂದು ತಿಳಿದರು. ಆಗ ಆಡುತ್ತಿರಲಿಲ್ಲ. ಮಾಡದ ತಪ್ಪಿಗೆ ಬೈಸಿಕೊಂಡ ಆ ವಾರವೇ ವಸುಧಾ ಮಗ ಬಿಟ್ಟುಹೋಗಿದ್ದ ಹಳೆಯ ಟ್ಯಾಬ್ ಹುಡುಕಿ ತೆಗೆದರು. ಅಕ್ಕನ ಮಗನ ಹತ್ತಿರ ‘ಔಷಧಿಗೆ’ ಎಂದು 2,000 ತರಿಸಿಕೊಂಡರು. ಅದು ಸಿಕ್ಕಿಬಿದ್ದಾಗ ಮಗಳು ರಜೆ ಹಾಕಿ ಬಂದು, ಅಮ್ಮನನ್ನು ಶಿವಮೊಗ್ಗಕ್ಕೆ ಕರೆತಂದಳು.

ಚಟ ಎನ್ನಬೇಕೇ?

ಗಂಡನ ಮೊದಲ ಪ್ರಶ್ನೆ, ‘ಇದು ಚಟ ತಾನೇ? ಔಷಧಿ ಇದೆಯಾ?’

ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಗೇಮಿಂಗ್ ಡಿಸಾರ್ಡರ್ ಈಗ ಸೇರಿದೆ. ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಆಟದ ಮೇಲೆ ಹಿಡಿತ ತಪ್ಪಬೇಕು, ಬೇರೆಲ್ಲ ಕೆಲಸಕ್ಕಿಂತ ಆಟವೇ ಮುಂದಾಗಬೇಕು, ಕೆಡುಕು ಕಂಡರೂ ಮುಂದುವರಿಯಬೇಕು. ಸಾಮಾನ್ಯವಾಗಿ 12 ತಿಂಗಳು ಇದು ಕಾಣಿಸಿಕೊಂಡಿರಬೇಕು. ಬದುಕು ಗಂಭೀರವಾಗಿ ಕುಂಟಿರಬೇಕು. ವಸುಧಾ ಒಂದು ದಿನವೂ ಹಾಲು ತಪ್ಪಿಸಿರಲಿಲ್ಲ. ತೋಟದ ದುಡ್ಡು ಮುಟ್ಟಿರಲಿಲ್ಲ. ಲೂಡೋ ಆಡುವುದನ್ನಂತೂ ಯಾವಾಗಲೋ ಬಿಟ್ಟಿದ್ದರು, ಹೋಗುತ್ತಿದ್ದದ್ದು ಕೋಣೆಗೆ. ರೋಗ ಹೌದೋ ಅಲ್ಲವೋ ಹೇಳಬೇಕಾದವರು ವೈದ್ಯರು. ಆದರೆ ನಾನು ಆ ಹೆಸರನ್ನು ಬಳಸಿ ಮಾತು ಶುರು ಮಾಡಬಾರದು ಎಂದು ನಿರ್ಧರಿಸಿದೆ. ಚಟ ಎಂದುಬಿಟ್ಟರೆ ಗಂಡ ಕೈತೊಳೆದುಕೊಳ್ಳುತ್ತಾರೆ, ವಸುಧಾ ತಲೆ ತಗ್ಗಿಸುತ್ತಾರೆ. ಆ ಮನೆಯ ಸಂಜೆಗಳ ಬಗ್ಗೆ ಯಾರೂ ಮಾತಾಡುವುದಿಲ್ಲ.

ನಿದ್ದೆಯಿಲ್ಲದ್ದು, ಊಟ ಬಿಟ್ಟದ್ದು ಮಾತ್ರ ಕಡೆಗಣಿಸುವಂತಿರಲಿಲ್ಲ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮವಿದೆ. ಅಲ್ಲಿಗೆ ಕಳಿಸಿದೆ. ಸಾಯಬೇಕು ಅನ್ನಿಸುತ್ತದೆಯೇ ಎಂದು ನಾನೂ ನೇರವಾಗಿ ಕೇಳಿದೆ. ಸಾಲದ ವಿಷಯದಲ್ಲಿ ಈ ಪ್ರಶ್ನೆ ಕೇಳಲು ಯಾರೂ ಹಿಂಜರಿಯಬಾರದು. ಅಂಥ ಯೋಚನೆ ಇರಲಿಲ್ಲ. ವೈದ್ಯರು ಮನಸ್ಸು ಕುಗ್ಗಿದೆ, ಮುಟ್ಟು ನಿಲ್ಲುವ ಹೊತ್ತಿನ ನಿದ್ದೆಯ ತೊಂದರೆಯೂ ಸೇರಿದೆ ಎಂದರು. ಮಾತ್ರೆ ಬರೆಯದೆ, ತಿಂಗಳು ಬಿಟ್ಟು ಬರಲು ಹೇಳಿದರು.

ಸ್ಟೇಟ್‌ಮೆಂಟ್ ಓದಿದ ದಿನ

ಬ್ಯಾಂಕಿನಿಂದ 14 ತಿಂಗಳ ಸ್ಟೇಟ್‌ಮೆಂಟ್ ತರಲು ಹೇಳಿದ್ದೆ. ಗಂಡ ಜೊತೆಗೆ ಕೂರುತ್ತೇನೆ ಎಂದರು. ಬೇಡ ಎಂದೆ. ಮೊದಲು ವಸುಧಾ ಒಬ್ಬರೇ ನೋಡಲಿ. ಲೆಕ್ಕ ಒಪ್ಪಿಸುವ ಹಾಗೆ ಓದಿದರೆ ಸುಳ್ಳು ಬರುತ್ತದೆ. ತನಗೇ ಓದಿಕೊಂಡರೆ ಬೇರೆ ಕಾಣುತ್ತದೆ.

ಮೇಜಿನ ಮೇಲೆ ಹಾಳೆ ಹರಡಿದೆವು. ಅವರ ಕೈಗೊಂದು ಹಳದಿ ಪೆನ್ನು ಕೊಟ್ಟೆ. ಆಟದ ಸಾಲು ಕಂಡಲ್ಲಿ ಗೆರೆ ಹಾಕಿ, ಪಕ್ಕದಲ್ಲಿ ಯಾರಿಗೆ, ಯಾಕೆ ಎಂದು ನೆನಪಿದ್ದರೆ ಬರೆಯಿರಿ ಎಂದೆ. ಮೊದಲ ಹಾಳೆಗಳಲ್ಲಿ ಅಲ್ಲೊಂದು ಇಲ್ಲೊಂದು 89 ರೂಪಾಯಿ. ಜನವರಿ ದಾಟಿದ ಮೇಲೆ ಹಳದಿ ಗುಂಪುಗುಂಪಾಗಿ ಬಂತು. ತಿಂಗಳ ಮೊದಲ ಮೂರು ವಾರ ಹೆಚ್ಚುಕಡಿಮೆ ಖಾಲಿ. ಕೊನೆಯ ಮೂರು ದಿನ ಪೂರ್ತಿ ಹಳದಿ. ಯುಪಿಐ ಆ್ಯಪ್ ತೆಗೆದು ಒಂದೊಂದರ ಸಮಯ ನೋಡಿದೆವು. ಫೆಬ್ರವರಿಯ ಕೊನೆಯ ರಾತ್ರಿ 11:48ಕ್ಕೆ 1,799. 11:52ಕ್ಕೆ 1,799. 11:57ಕ್ಕೆ ಮತ್ತೆ 1,799. ಒಂಬತ್ತು ನಿಮಿಷದಲ್ಲಿ 5,397.

ಅವರು ಆ ಸಾಲಿನ ಮೇಲೆ ಬೆರಳಿಟ್ಟು ಸುಮಾರು ಹೊತ್ತು ಕೂತರು. ಆಮೇಲೆ ಹೇಳಿದರು, ‘ಅವತ್ತು ಎರಡನೇ ಸ್ಥಾನದಲ್ಲಿದ್ವಿ. ಹನ್ನೆರಡಕ್ಕೆ ಮುಗೀತಿತ್ತು. ಎಲ್ಲರೂ “ಅಕ್ಕ, ನೀವೊಬ್ಬರೇ, ನೀವೊಬ್ಬರೇ” ಅಂತಿದ್ರು. ಇವರು ಒಳಗೆ ಮಲಗಿದ್ರು. ನಾನು ಬಚ್ಚಲುಮನೆಯಲ್ಲಿ ನಿಂತ್ಕೊಂಡು ಪಿನ್ ಹಾಕ್ದೆ.’ ಸ್ವಲ್ಪ ತಡೆದು, ‘ಗೆದ್ವಿ’ ಎಂದರು.

ಪಕ್ಕದಲ್ಲಿ ಬರೆದದ್ದನ್ನು ಎಣಿಸಿದೆವು. ಒಟ್ಟು ಹಣದಲ್ಲಿ ಅರ್ಧಕ್ಕಿಂತ ಜಾಸ್ತಿ ಹೋದದ್ದು ಆ ಮೂರು ದಿನಗಳಲ್ಲಿ. ತಮಗಾಗಿ ಕೊಂಡದ್ದು ವಿಐಪಿ ಚಂದಾ ಬಿಟ್ಟರೆ ಏನೂ ಇಲ್ಲ. ಉಳಿದದ್ದೆಲ್ಲ ಬೇರೆಯವರಿಗೆ. ಹುಟ್ಟಿದಹಬ್ಬಕ್ಕೆ, ಪರೀಕ್ಷೆ ಪಾಸಾದದ್ದಕ್ಕೆ, ಬೇಜಾರಲ್ಲಿದ್ದಾಳೆಂದು, ಫ್ಯಾಮಿಲಿ ಸೋಲಬಾರದೆಂದು. ಅಲ್ಲಿಗೆ ನನಗೆ ಸ್ಪಷ್ಟವಾಯಿತು. ಇವರು ಆಟಕ್ಕೆ ಖರ್ಚು ಮಾಡಿದ್ದಲ್ಲ. ನೆಂಟಸ್ತಿಕೆಗೆ ಮಾಡಿದ್ದು. ಮದುವೆ ಮನೆಗೆ ಬರಿಗೈಯಲ್ಲಿ ಹೋಗಬಾರದು, ಮುಯ್ಯಿ ಮಾಡಬೇಕು ಎಂಬ ಅಭ್ಯಾಸದಲ್ಲಿ ಬೆಳೆದವರು. ಕೈಬಿಚ್ಚಿ ಕೊಡುವ ಗುಣ ಅವರದು. ಆ ಗುಣವನ್ನೇ ಗಡಿಯಾರ ಇಟ್ಟು, ಸ್ಥಾನ ಇಟ್ಟು ಆ್ಯಪ್ ಹಿಂಡಿತ್ತು.

ನಿಂತ ದಾರಿಗಳು

ಹಣದ ಕೆಲಸ ಬೇಗ ಮುಗಿಯಿತು. ಚಂದಾ ರದ್ದು ಮಾಡಿ, ಯುಪಿಐ ಆ್ಯಪ್‌ನ ಆಟೋಪೇ ಪಟ್ಟಿಯಲ್ಲೂ ಹೋಗಿ ನಿಲ್ಲಿಸಿದೆವು. ಹಾಲಿನ ಹಣ ಬರುವ ಖಾತೆಯಿಂದ ಯುಪಿಐ ತೆಗೆಸಿದೆವು. ಚಿಲ್ಲರೆ ಖರ್ಚಿಗೆ ಬೇರೆ ಖಾತೆ, ಅದರಲ್ಲಿ ಆ ವಾರಕ್ಕೆ ಬೇಕಾದಷ್ಟೇ. ಹಳೆಯ ಹಣ ವಾಪಸ್ ಬರಲಿಲ್ಲ. ಪ್ಲೇ ಸ್ಟೋರ್‌ನಲ್ಲಿ ಕೊಂಡದ್ದನ್ನು ಹಿಂದಿರುಗಿಸಲು ಸಾಮಾನ್ಯವಾಗಿ 48 ಗಂಟೆಯೊಳಗೆ ಕೇಳಬೇಕು. ಆಮೇಲೆ ಆ್ಯಪ್ ಮಾಡಿದವರನ್ನೇ ಕೇಳಬೇಕು. ಕೇಳಿದೆವು, ಉತ್ತರ ಬರಲಿಲ್ಲ.

ಕಷ್ಟದ ನಿರ್ಧಾರ ಕೋಣೆಯದ್ದು. ಪೂರ್ತಿ ಬಿಡಿಸಬೇಕೋ, ಇರಲು ಬಿಡಬೇಕೋ? ಗಂಡ, ಮಗ ಇಬ್ಬರೂ ‘ಬಿಡ್ಲೇಬೇಕು’ ಎಂದರು. ವಸುಧಾ ಬೇರೆಯದನ್ನು ಕೇಳಿದರು. ‘ಒಂದು ತಿಂಗಳು ಹೋಗ್ತೀನಿ. ಗಿಫ್ಟ್ ಕಳಿಸಲ್ಲ. ಕಳಿಸಲ್ಲ ಅಂತ ಹೇಳಿಯೇ ಹೋಗ್ತೀನಿ.’ ಮಗಳು ಅಮ್ಮನ ಪರ ನಿಂತಳು. ನಾನು ಒಪ್ಪಿದೆ. ಹಣದ ದಾರಿ ಮುಚ್ಚಿತ್ತು. ಕಿತ್ತುಕೊಂಡಾಗ ಏನಾಯಿತೆಂದು ಒಮ್ಮೆ ನೋಡಿದ್ದೆವು. ಕೋಣೆಯವರು ನಿಜವಾಗಿ ಯಾರು ಎಂದು ಗೊತ್ತಾಗಬೇಕಾದದ್ದು ಅವರಿಗೇ. ಹೊತ್ತು ಮಾತ್ರ ಕಟ್ಟಿದೆವು, ರಾತ್ರಿ ಎಂಟೂವರೆಯಿಂದ ಒಂಬತ್ತೂವರೆ, ಪಡಸಾಲೆಯಲ್ಲಿ ಕೂತು.

ಮೊದಲ ವಾರ ಎಲ್ಲರೂ ‘ಪರವಾಗಿಲ್ಲ ಅಕ್ಕ’ ಎಂದರು. ಎರಡನೇ ವಾರ ಅವರ ಮೈಕ್ ಸೀಟು ಬೇರೆಯವರಿಗೆ ಹೋಯಿತು. ತಿಂಗಳ ಕೊನೆಯ ಸ್ಪರ್ಧೆ ಬಂದಾಗ ಉಪನಾಯಕಿ ಪಟ್ಟವೂ ಹೋಯಿತು. ಒಳಗೆ ಬಂದರೆ ಹೆಸರು ಕೂಗುವವರಿಲ್ಲ. ಹೋಸ್ಟ್ ಹುಡುಗ ಕೆಟ್ಟವನಲ್ಲ. ಅವನಿಗೂ ತಿಂಗಳ ಗುರಿ ಇತ್ತು. ಅವನ ಕೋಣೆಯಲ್ಲಿ ಬಿದ್ದ ಗಿಫ್ಟ್‌ನ ಒಂದು ಪಾಲೇ ಅವನ ಸಂಪಾದನೆ. ಅವನ ಹೊಟ್ಟೆಪಾಡೂ ಅದೇ ಗಡಿಯಾರಕ್ಕೆ ಕಟ್ಟಿತ್ತು. ಇದನ್ನು ನಾನು ವಸುಧಾರಿಗೂ ಹೇಳಿದೆ, ಅವನ ಮೇಲೆ ಸಿಟ್ಟು ಸಾಧಿಸಿ ಏನೂ ಸಿಗುವುದಿಲ್ಲ ಅಂತ.

ನಲವತ್ತು ಜನರಲ್ಲಿ ಇಬ್ಬರು ಉಳಿದರು. ಒಬ್ಬರು ಹಾವೇರಿ ಕಡೆಯ ಟೈಲರ್ ಹೆಂಗಸು. ಗಿಫ್ಟ್ ನಿಂತ ಮೇಲೂ ಫೋನ್ ಮಾಡುತ್ತಾರೆ. ಇನ್ನೊಬ್ಬಳು ನರ್ಸಿಂಗ್ ಓದುವ ಹುಡುಗಿ. ಆನ್‌ಲೈನ್ ಸ್ನೇಹ ಪೂರ್ತಿ ಸುಳ್ಳು ಎಂದು ವಾದಿಸುವವರಿಗೆ ನಾನು ಈ ಇಬ್ಬರನ್ನು ತೋರಿಸುತ್ತೇನೆ. ಮೂವತ್ತೆಂಟು ಜನರ ಬಗ್ಗೆ ವಸುಧಾ ತುಂಬಾ ಅತ್ತರು. ಅಷ್ಟು ಅತ್ತದ್ದನ್ನು ಗಂಡ ಮೊದಲ ಸಲ ನೋಡಿದ್ದು. ಅವತ್ತು ಅವರು ಟಿವಿ ಹಾಕಲಿಲ್ಲವಂತೆ. ತಿಂಗಳು ಮುಗಿದಾಗ ಆ್ಯಪ್ ಅನ್ನು ವಸುಧಾ ತಾವೇ ತೆಗೆದರು.

ಸಂಘದ ಮುಂದೆ

ಗಂಡನಿಗೆ ಎಲ್ಲ ಸಾಲವನ್ನೂ ಅಡಿಕೆ ಮಾರಿ ಒಂದೇ ಸಲ ತೀರಿಸಿ, ಬಾಯಿ ಮುಚ್ಚಿಸಬೇಕು ಎಂದಿತ್ತು. ನಾನು ಅರ್ಧ ಮಾತ್ರ ಒಪ್ಪಿದೆ. ಸಂಘದ ಬಾಕಿ ತಕ್ಷಣ ಹೋಗಲೇಬೇಕು. ಅದು ಕೂಲಿ ಮಾಡುವ ಹೆಂಗಸರ ಕೈಯಿಂದ ಹೋದ ದುಡ್ಡು. ಬಳೆಯ ಸಾಲ ಮಾತ್ರ ವಸುಧಾರ ಹಾಲಿನ ಹಣದಿಂದಲೇ ತೀರಲಿ, ನಿಧಾನವಾಗಿ. ಗಂಡ ಬಡ್ಡಿ ಲೆಕ್ಕ ಹಾಕಿ ಇದು ನಷ್ಟ ಎಂದರು. ಲೆಕ್ಕ ಸರಿಯಾಗಿತ್ತು. ಆದರೂ ವಸುಧಾ ಹಾಗೇ ಮಾಡುತ್ತೇನೆ ಎಂದರು.

ಸಂಘಕ್ಕೆ ನಿಜ ಹೇಳಬೇಕೋ ಬೇಡವೋ? ‘ಆಸ್ಪತ್ರೆ ಖರ್ಚು ಅಂತ ಹೇಳೋಣ’ ಎಂದರು ಗಂಡ. ಸಣ್ಣ ಊರಿನಲ್ಲಿ ಮಾನದ ಹೆದರಿಕೆ ಸುಮ್ನೆ ಬರುವುದಲ್ಲ. ಅದನ್ನು ಹಗುರವಾಗಿ ನೋಡುವ ಹಕ್ಕು ನನಗಿಲ್ಲ. ಕೊನೆಗೆ ವಸುಧಾ ಅಧ್ಯಕ್ಷೆ ಮತ್ತು ಕಾರ್ಯದರ್ಶಿ ಇಬ್ಬರಿಗೆ ಮಾತ್ರ ಎಲ್ಲ ಹೇಳಿದರು. ಉಳಿದವರಿಗೆ ‘ನನ್ನಿಂದ ತಪ್ಪಾಯಿತು, ಬಡ್ಡಿ ಸೇರಿಸಿ ಕೊಡುತ್ತೇನೆ’ ಎಂದಷ್ಟೇ ಹೇಳಿದರು.

ಅಧ್ಯಕ್ಷೆ ನಾಲ್ಕನೇ ಕ್ಲಾಸ್ ಓದಿದವರು. ಎಲ್ಲ ಕೇಳಿ, ‘ನಲವತ್ತು ಜನರನ್ನ ನೀನೊಬ್ಬಳೇ ಸುಧಾರಿಸ್ತಿದ್ಯಾ?’ ಎಂದು ಕೇಳಿದರಂತೆ. ಮುಂದಿನ ಸಭೆಯಲ್ಲಿ, ‘ದುಡ್ಡಿನ ಪುಸ್ತಕ ಈಗ ಬೇಡ. ನಡಾವಳಿ ಪುಸ್ತಕ ನೀನು ಬರಿ’ ಎಂದು ಕೈಗೆ ಕೊಟ್ಟರು. ಇಡೀ ಪ್ರಕರಣದಲ್ಲಿ ಇದಕ್ಕಿಂತ ಜಾಣ ನಿರ್ಧಾರ ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ. ನಂಬಿಕೆಯನ್ನು ಪೂರ್ತಿ ಕಿತ್ತುಕೊಳ್ಳಲಿಲ್ಲ, ಪೂರ್ತಿ ಕೊಡಲೂ ಇಲ್ಲ. ಯಾರು ಬಂದರು, ಯಾರು ಬರಲಿಲ್ಲ, ಯಾಕೆ ಬರಲಿಲ್ಲ ಎಂದು ವಿಚಾರಿಸುವ ಕೆಲಸ ಮತ್ತೆ ವಸುಧಾರ ಪಾಲಿಗೆ ಬಂತು.

ಈಗ

ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. 2026ರ ಸಂಕ್ರಾಂತಿ ಕಳೆದ ಮೇಲೆ ವಸುಧಾ ಬೇರೊಂದು ಆ್ಯಪ್ ಹಾಕಿಕೊಂಡು, ಚಿಲ್ಲರೆ ಖಾತೆಯಲ್ಲಿದ್ದ 600 ರೂಪಾಯಿ ಕಳೆದರು. ಖಾತೆಯಲ್ಲಿ ಅಷ್ಟೇ ಇತ್ತು, ಅಷ್ಟಕ್ಕೇ ನಿಂತಿತು. ಮರುದಿನ ಮಗಳಿಗೆ ತಾವೇ ಹೇಳಿದರು. ಸ್ಕೂಟರ್ ಕಲಿಯುವ ಮಾತು ನಡೆದಿತ್ತು. ಬಸ್ಸಿಗೆ ಎರಡು ಕಿಲೋಮೀಟರ್ ನಡೆಯಬೇಕಾದ ಊರಿನಲ್ಲಿ ಅದು ದೊಡ್ಡ ಬದಲಾವಣೆ ತರುತ್ತಿತ್ತು. ಇನ್ನೂ ಆಗಿಲ್ಲ. ಗಂಡ ಮಾತುಗಾರರಾಗಿಲ್ಲ. ಆದರೆ ಶನಿವಾರ ಸಂತೆಗೆ ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಬಳೆಯ ಸಾಲದಲ್ಲಿ ಮೂರನೇ ಒಂದು ಪಾಲು ತೀರಿದೆ.

ಇಂಥದ್ದೇ ಸ್ಥಿತಿಯಲ್ಲಿರುವ ಮನೆಯವರು ಕೇಳಿದರೆ ನಾನು ಮೊದಲು ಹೇಳುವುದು ಇಷ್ಟು. ಎಷ್ಟು ಗಂಟೆ ಆಡುತ್ತೀಯ ಎಂದು ಕೇಳುವ ಮೊದಲು, ಅಲ್ಲಿ ಯಾರಿದ್ದಾರೆ ಎಂದು ಕೇಳಿ. ಖರ್ಚಿನ ಮೊತ್ತದ ಜೊತೆ ದಿನ, ಸಮಯ ನೋಡಿ. ಎಲ್ಲಿ ಗುಂಪುಗುಂಪಾಗಿ ಹೋಗಿದೆಯೋ ಅಲ್ಲಿ ಒತ್ತಡ ಇರುತ್ತದೆ. ಆ್ಯಪ್ ಅಳಿಸುವ ಮೊದಲೇ ಚಂದಾ ಮತ್ತು ಆಟೋಪೇ ನಿಲ್ಲಿಸಿ. ಇಲ್ಲದಿದ್ದರೆ ಮಾಡದ ತಪ್ಪಿಗೆ ಬೈಯುವ ಸಂದರ್ಭ ಬರುತ್ತದೆ. ಫೋನ್ ಕಿತ್ತುಕೊಳ್ಳುವುದಾದರೆ, ಆ ಹೊತ್ತಿಗೆ ಬೇರೆ ಏನಿದೆ ಎಂದು ಮೊದಲು ಯೋಚಿಸಿ.

ನಿದ್ದೆ, ಊಟ ಬಿಟ್ಟಿದ್ದರೆ ಅಥವಾ ಸಾಲದ ಹೆದರಿಕೆಯಿಂದ ಬದುಕು ಬೇಡವೆನಿಸಿದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿಗೆ ಹೋಗಲು ಆಗುವವರಿಗೆ ನಿಮ್ಹಾನ್ಸ್‌ನಲ್ಲಿ ಫೋನ್, ಇಂಟರ್ನೆಟ್, ಆಟದ ತೊಂದರೆಗೆಂದೇ ‘ಶಟ್’ ಎಂಬ ಕ್ಲಿನಿಕ್ 2014ರಿಂದ ನಡೆಯುತ್ತಿದೆ.